ಟಿಕೆಟ್ ಇಲ್ಲದ ಜಾಗಗಳು

ಮೇ 2, ಶುಕ್ರವಾರ

ಸಾಹೇಬರು ಇವತ್ತು ನನ್ನ ಟೇಬಲ್ಲಿಗೆ ಹೊಸ ಕೆಲಸವೊಂದನ್ನು ತಂದು ಹಾಕಿದರು. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗಾಗಿ ನಮ್ಮ ಪಟ್ಟಣ ಪಂಚಾಯಿತಿಯಿಂದ ಒಂದು ಕರಪತ್ರ ಬರಬೇಕಂತೆ. ಈ ಊರಿನಲ್ಲಿ ದುಡ್ಡಿಲ್ಲದೆ ಅಥವಾ ಚೂರುಪಾರು ದುಡ್ಡಿನಲ್ಲಿ ಏನೇನು ನೋಡಬಹುದು, ಏನೇನು ಮಾಡಬಹುದು ಎಂಬ ಪಟ್ಟಿ. "ನೀವು ಹೊರಗಿನವರು, ಹೊಸ ಕಣ್ಣಲ್ಲಿ ನೋಡ್ತೀರಿ" ಎಂದರು. ಹೊರಗಿನವಳೇನೋ ಹೌದು. ಈ ಸಮುದ್ರದ ಊರಿಗೆ ಬಂದು ಮೂರು ತಿಂಗಳಾಯಿತು, ಈಗಲೂ ನಾನು ಬಾಯಿ ತಪ್ಪಿ 'ಐತೆ' ಎಂದರೆ ಕಚೇರಿಯಲ್ಲಿ ಒಬ್ಬರಾದರೂ ನಗುತ್ತಾರೆ.

ಭಾನುವಾರ ಅಮ್ಮ ಬರುತ್ತಾಳೆ. ಅಂಗನವಾಡಿಗೆ ರಜೆ, ಹದಿನೈದು ದಿನ ಇರುತ್ತಾಳೆ. ಜುಲೈಗೆ ಅವಳಿಗೆ ಅರವತ್ತು ತುಂಬುತ್ತದೆ, ಕೆಲಸ ಮುಗಿಯುತ್ತದೆ. ಆಮೇಲೆ ನನ್ನ ಜೊತೆಗೇ ಇರುವುದು ಎಂದು ಮಾತಾಗಿದೆ. ನೌಕರಿಯ ಆದೇಶ ಕೈಗೆ ಬಂದ ದಿನ ಆ ಮಾತು ಕೊಟ್ಟವಳು ನಾನೇ. ಈಗ ಬರುತ್ತಿರುವುದು ಊರು ಹೇಗಿದೆ ಎಂದು ನೋಡಿಕೊಂಡು ಹೋಗಲು.

ಖುಷಿಯಾಗಬೇಕಿತ್ತು. ಆಗುತ್ತಿಲ್ಲ, ಯಾಕೆಂದು ಗೊತ್ತು. ನಾನು ಬಾಡಿಗೆಗಿರುವ ಮನೆಯ ಮಾಲಕಿ ನಾಗವೇಣಕ್ಕ ನಾನು ಬಂದ ಹೊಸದರಲ್ಲಿ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ವಿಚಾರಿಸಿದ್ದರು. ಅಪ್ಪ ಇಲ್ಲ, ಅಮ್ಮ ಅಂಗನವಾಡಿಯಲ್ಲಿ ಎಂದೆ. "ಓ, ಟೀಚರಾ!" ಎಂದರು. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ, ತಲೆಯಾಡಿಸಿದೆ ಅಷ್ಟೆ. ಅಮ್ಮ ಟೀಚರ್ ಅಲ್ಲ, ಸಹಾಯಕಿ. ಬಿಳಿಚೋಡಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಸ ಗುಡಿಸಿ, ಅನ್ನ ಬೇಯಿಸಿ, ಮಕ್ಕಳ ಮೂಗು ಒರೆಸುತ್ತಿದ್ದಾಳೆ. ಗಾದ್ರಮ್ಮ ಎಂಬ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಊರಿಗೆಲ್ಲ ಅವಳು ಆಯಾ. ಹೈಸ್ಕೂಲಿನಲ್ಲಿ ನನಗೂ ದುರ್ಗಾಂಬಿಕಾ ಎಂಬ ಹೆಸರಿರಲಿಲ್ಲ, ಆಯಾನ ಮಗಳು ಎಂದೇ ಕರೆಯುತ್ತಿದ್ದರು. ಆ ಹೆಸರು ಘಟ್ಟದ ಆಚೆಗೇ ಇರಲಿ ಎಂದುಕೊಂಡಿದ್ದೆ.

ಮೇ 4, ಭಾನುವಾರ

ಅಮ್ಮ ಬಂದಳು. ದಾವಣಗೆರೆಯಿಂದ ಶಿರಸಿ, ಶಿರಸಿಯಿಂದ ಘಟ್ಟ ಇಳಿದು ಇಲ್ಲಿಗೆ. ಆಧಾರ್ ಕಾರ್ಡು ತೋರಿಸಿ ದಾರಿಯುದ್ದಕ್ಕೂ ಪುಕ್ಕಟೆ ಪ್ರಯಾಣ. "ಸಮುದ್ರದ ತನಕ ಸೊನ್ನೆ ರೂಪಾಯಿ ಕಣೆ!" ಎಂದು ಬಸ್ ಸ್ಟ್ಯಾಂಡಿನಲ್ಲೇ ಟಿಕೆಟ್ ತೋರಿಸಿದಳು. ಉಟ್ಟದ್ದು ಅಂಗನವಾಡಿಯ ಸಮವಸ್ತ್ರದ ಸೀರೆ. ನನ್ನ ಮುಖ ನೋಡಿ, "ಇದೇ ಹೊಸಾದು, ಒಂದ್ಸಲಾನೂ ಉಟ್ಟಿರ್ಲಿಲ್ಲ" ಎಂದಳು. ತಲೆಯ ಮೇಲೆ ಅರ್ಧ ಚೀಲ ಶೇಂಗಾ. ಆಟೋ ಬ್ಯಾಡ ಎಂದು ಹಟ ಮಾಡಿದಳು. ನಾನು ಮುಂದೆ, ಚೀಲ ಹೊತ್ತ ಅಮ್ಮ ಹಿಂದೆ, ಹಾಗೇ ನಡೆದು ಬಂದೆವು.

ಗೇಟಿನ ಹತ್ತಿರ ನಾಗವೇಣಕ್ಕ ದಾಸವಾಳಕ್ಕೆ ನೀರು ಹಾಕುತ್ತಿದ್ದರು. ಅಮ್ಮನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು:

"ಆಯಾ?"

ಸೀರೆ ನೋಡಿಯೇ ಕಂಡುಹಿಡಿದರೋ, ಚೀಲ ಹೊತ್ತವಳು ಕೆಲಸದವಳೇ ಇರಬೇಕು ಎಂದುಕೊಂಡರೋ, ಎರಡರಲ್ಲಿ ಒಂದು. ಅಲ್ಲ, ಇವರು ನಮ್ಮಮ್ಮ ಎನ್ನಬೇಕಿತ್ತು. ಹಾಗೆಂದರೆ ಟೀಚರ್ ಎಲ್ಲಿ ಹೋದರು ಎಂಬ ಪ್ರಶ್ನೆ ಬರುತ್ತದೆ. ಯೋಚಿಸಲು ಪುರಸೊತ್ತೇ ಸಿಗಲಿಲ್ಲ.

"ಹೂಂ, ಆಯಾ" ಎಂದುಬಿಟ್ಟೆ. "ಸ್ವಲ್ಪ ದಿನ ಇರ್ತಾರೆ. ಮನೆ ಕೆಲಸಕ್ಕೂ ಸಹಾಯ ಆಗ್ತದೆ."

"ಒಳ್ಳೇದಾಯ್ತು ಬಿಡು" ಎಂದು ನಾಗವೇಣಕ್ಕ ನಕ್ಕು ಗೇಟು ತೆಗೆದರು.

ಅಮ್ಮ ನನ್ನಿಂದ ಎರಡು ಹೆಜ್ಜೆ ಹಿಂದಿದ್ದಳು. ತಲೆಯ ಮೇಲೆ ಚೀಲ, ಕಿವಿಯ ಮೇಲೆ ಸೆರಗು. ಕೇಳಿಸಿರಲಿಕ್ಕಿಲ್ಲ.

ಅಷ್ಟಕ್ಕೂ ಸುಳ್ಳೇನು ಹೇಳಿದೆ? ಅವಳು ಆಯಾನೇ ತಾನೆ? ಇಪ್ಪತ್ತೆಂಟು ವರ್ಷ ಸರ್ಕಾರವೇ ಸಂಬಳ ಕೊಟ್ಟಿದೆ ಅದಕ್ಕೆ.

ಮೇ 5, ಸೋಮವಾರ

ಕೇಳಿಸಿಲ್ಲ. ಕೇಳಿಸಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದಳು, ಬೈಯುವುದರಲ್ಲಿ ಹಿಂದೆ ಬೀಳುವವಳಲ್ಲ ಅವಳು. ಬೆಳಿಗ್ಗೆ ನಾನು ಏಳುವ ಮೊದಲೇ ಮನೆ ಗುಡಿಸಿ, ಒರೆಸಿ, ನನ್ನ ಬಟ್ಟೆ ಒಗೆದು ಹಾಕಿದ್ದಳು. ಊರಿನಲ್ಲೂ ಹೀಗೇ ಮಾಡುತ್ತಾಳೆ.

ಕರಪತ್ರದ ಮೊದಲ ಪಟ್ಟಿ ಕೊಟ್ಟೆ. ಕಡಲತೀರ, ದೇವಸ್ಥಾನ, ದೀಪಸ್ತಂಭ, ಸೂರ್ಯಾಸ್ತ. ಸಾಹೇಬರು ಓದಿ, "ಇದನ್ನು ಮೊಬೈಲಲ್ಲೇ ನೋಡ್ತಾರಲ್ಲ ಮೇಡಂ, ನೀವು ಯಾಕೆ?" ಎಂದು ವಾಪಸ್ ಕೊಟ್ಟರು. ನಾಲ್ಕು ಜನರ ಎದುರು.

ಮೇ 6, ಮಂಗಳವಾರ

ಅಮ್ಮನಿಗೆ ಸಮುದ್ರ ತೋರಿಸಿದೆ. ಸಂಜೆ ಹೋದರೆ ಕಚೇರಿಯವರು ಯಾರಾದರೂ ಸಿಗುತ್ತಾರೆ. ಬೆಳಿಗ್ಗೆ ಬಿಸಿಲಿರುವುದಿಲ್ಲ ಎಂದು ಹೇಳಿ ಆರು ಗಂಟೆಗೇ ಎಬ್ಬಿಸಿಕೊಂಡು ಹೋದೆ. ಬಿಸಿಲಿನ ಕಾರಣವೂ ಸುಳ್ಳಲ್ಲ.

ಮರಳು ಕಾಲಿಗೆ ಸಿಕ್ಕಿದ್ದೇ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಆಮೇಲೆ ಸುತ್ತ ನೋಡಿ ಕೇಳಿದಳು:

"ಟಿಕೆಟ್ ಎಲ್ಲಿ ಕೊಡ್ತಾರೆ?"

"ಟಿಕೆಟ್ ಇಲ್ಲಮ್ಮ."

"ಇಷ್ಟು ದೊಡ್ಡದಕ್ಕೆ ಟಿಕೆಟ್ ಇಲ್ವಾ? ದಾವಣಗೆರೆ ಪಾರ್ಕಿಗೇ ಐತೆ!"

ನನಗೆ ನಗು ಬಂತು. ಅವಳು ಬಗ್ಗಿ ಅಂಗೈಯಲ್ಲಿ ನೀರು ತುಂಬಿಕೊಂಡು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. "ಪುಸ್ತಕದಾಗೆ ಬರೆದಿದ್ದು ನಿಜಾನೇ ಬಿಡು. ಮಕ್ಳಿಗೆ ಹೇಳಾಕೆ ಆತು, ನಾನೇ ಕುಡ್ದು ನೋಡೀನಿ ಅಂತ." ಅಲೆ ಬಂದಾಗ ಹಿಂದೆ ಓಡುವುದು, ಹೋದಾಗ ಮುಂದೆ ಹೋಗುವುದು. ಸೀರೆ ಮೊಣಕಾಲಿನ ತನಕ ಒದ್ದೆ. ಆಗ ಮೂರು ಜನ ಓಡುತ್ತ ವ್ಯಾಯಾಮ ಮಾಡುತ್ತ ಈ ಕಡೆ ಬಂದರು. ಒಬ್ಬರು ನಮ್ಮ ಕಚೇರಿಯ ಲೆಕ್ಕದವರ ಹಾಗೆ ಕಂಡರು. ನಾನು ಮೊಬೈಲ್ ಕಿವಿಗೆ ಹಿಡಿದು ಬಂಡೆಯ ಕಡೆ ಹೋಗಿ ನಿಂತೆ. ಅವರಲ್ಲ, ಬೇರೆ ಯಾರೋ.

ವಾಪಸ್ ಬಂದಾಗ ಅಮ್ಮ ನೀರಿನಲ್ಲಿ ಆಡುವುದನ್ನು ಬಿಟ್ಟು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. "ಹೋಗಾನ ನಡಿ, ನಿನಗೆ ಆಫೀಸೈತೆ" ಎಂದಳು.

ಮೇ 8, ಗುರುವಾರ

ಸಂಜೆ ಕಚೇರಿಯಿಂದ ಬರುವಾಗ ಅಮ್ಮ ನಾಗವೇಣಕ್ಕನ ಜಗುಲಿಯಲ್ಲಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲೇ ಖಾಲಿ ಕುರ್ಚಿ. ನಾಗವೇಣಕ್ಕ ಕೋಕಂ ಪಾನಕದ ಲೋಟ ಹಿಡಿದು ಗೋಗರೆಯುತ್ತಿದ್ದರು.

"ಎಂತಕ್ಕೆ ನೆಲದ ಮೇಲೆ ಕೂತದ್ದು? ಮೇಲೆ ಕೂತ್ಕೊಳ್ಳಿ ಅಂದ್ರೆ ಕೇಳುದೇ ಇಲ್ಲ ಇವ್ರು!"

"ಇರ್ಲಿ ಬಿಡ್ರಿ, ನಮಗೆ ನೆಲಾನೇ ತಂಪು."

ನನ್ನನ್ನು ಕಂಡದ್ದೇ ಅಮ್ಮ ಎದ್ದು ನಿಂತಳು. "ಮೇಡಂ ಬಂದ್ರು. ಚಾ ಇಡ್ತೀನ್ರಿ" ಎಂದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಮೇಡಂ ಅಂತೆ! ಭಾರೀ ತಮಾಷೆಯವ್ರು ನಿಮ್ಮ ಆಯಾ" ಎಂದು ನಾಗವೇಣಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ.

ಒಳಗೆ ಹೋಗಿ, "ಯಾಕಮ್ಮ ಮೇಡಂ ಅಂದೆ?" ಎಂದು ಕೇಳಿದೆ. ಅವಳು ಸ್ಟವ್ ಕಡೆಗೆ ತಿರುಗಿಕೊಂಡೇ, "ಆಫೀಸಿನಾಗೆ ಎಲ್ರೂ ಹಂಗೇ ಅಂತಾರಲ್ವಾ? ನಾನು ಅಂದ್ರೆ ತಪ್ಪಾ?" ಎಂದಳು. ಸಕ್ಕರೆ ಎಷ್ಟು ಎಂದು ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ಸಕ್ಕರೆ ಎಷ್ಟು ಎಂದು ಕೇಳಿದಳು.

ನಾಗವೇಣಕ್ಕನದು ದೊಡ್ಡ ಮನಸ್ಸು. ಕೆಲಸದವರು ಎಂದು ತಿಳಿದವರಿಗೂ ಬಹುವಚನ ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ, ಪಾನಕ ಕೊಡುತ್ತಾರೆ. ನನಗೆ ಅಮ್ಮ ಎಂಬ ಒಂದು ಮಾತು ಕೊಡಲಾಗಲಿಲ್ಲ. ನಾಳೆ ಹೇಳಿಬಿಡಬೇಕು.

ಮೇ 9, ಶುಕ್ರವಾರ

ಹೇಳಲಿಲ್ಲ. ಅವರ ಮನೆಗೆ ನೆಂಟರು ಬಂದಿದ್ದರು.

ಮೇ 10, ಶನಿವಾರ

ಎರಡನೇ ಶನಿವಾರ, ರಜೆ. ನಾನು ಕರಪತ್ರಕ್ಕೆ ಹೊಸದೇನೂ ಹೊಳೆಯದೆ ತಲೆ ಕೆರೆದುಕೊಳ್ಳುತ್ತಿದ್ದರೆ ಅಮ್ಮ, "ಉಪ್ಪು ಬೆಳೆಯೋ ಹೊಲ ಐತಂತೆ ಇಲ್ಲಿ, ಗೊತ್ತಾ ನಿನಗೆ?" ಎಂದಳು. ಮೀನು ಮಾರುವವಳ ಹತ್ತಿರ ಮಾತಾಡಿ ತಿಳಿದುಕೊಂಡಿದ್ದಾಳೆ. ಮೂರು ತಿಂಗಳಿಂದ ಇರುವ ನನಗೆ ಗೊತ್ತಿಲ್ಲ, ಆರು ದಿನದಲ್ಲಿ ಅವಳಿಗೆ ಗೊತ್ತು.

ಹೋದೆವು. ಒಂದು ಮೈಲಿ ನಡಿಗೆ. ಮಡಿ ಕಟ್ಟಿದ ಗದ್ದೆಗಳು, ಅದರಲ್ಲಿ ಗೇಣುದ್ದವೂ ಇಲ್ಲದ ನೀರು, ಹೆಂಗಸರು ಉದ್ದ ಕೋಲಿನ ಹಲಗೆಯಲ್ಲಿ ಉಪ್ಪನ್ನು ಬಳಿದು ಬದುವಿಗೆ ಹಾಕುತ್ತಿದ್ದರು. ಅಮ್ಮನಿಗೆ ಒಕ್ಕಣೆಯ ಕಣ ಕಂಡ ಹಾಗಾಯಿತೋ ಏನೋ, ಬದುವಿನ ಮೇಲೆ ಸರಸರ ನಡೆದು ಹೋಗಿ ಅವರ ಮಧ್ಯೆ ನಿಂತಳು. ಎಷ್ಟು ದಿನಕ್ಕೆ ಉಪ್ಪಾಗತೈತೆ, ಮಳೆ ಬಂದ್ರೆ ಏನ್ಮಾಡ್ತೀರಿ, ಕಾಲು ಬಿರಿಯಲ್ವಾ, ಒಂದೇ ಉಸಿರಿಗೆ ಹತ್ತು ಪ್ರಶ್ನೆ. ಒಬ್ಬಾಕೆ ಬಿರಿದ ಅಂಗಾಲು ಎತ್ತಿ ತೋರಿಸಿದಳು. ಅಮ್ಮ ತನ್ನದನ್ನೂ ಎತ್ತಿ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಬದುವಿನ ಮೇಲೆ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡೆ. ಕರಪತ್ರಕ್ಕೆ ಇಷ್ಟು ಸಾಕು, ಮಿಗುತ್ತದೆ.

ಹೊರಡುವಾಗ ಆ ಹೆಂಗಸು ನನ್ನನ್ನು ತೋರಿಸಿ ಅಮ್ಮನನ್ನು ಕೇಳಿದಳು, "ಮಗಳಾ?"

ಅಮ್ಮ ನನ್ನ ಮುಖ ನೋಡಿದಳು. ಏನು ಹೇಳಲಿ ಎಂದು ಕೇಳುವವಳ ಹಾಗೆ, ನನ್ನ ಒಪ್ಪಿಗೆಗೆ ಕಾಯುವವಳ ಹಾಗೆ. ಅಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಹೂಂ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೂ ನಾನು ಉಪ್ಪಿನ ರಾಶಿಯ ಕಡೆ ನೋಡಿದೆ.

"ಅಲ್ರೀ, ನಮ್ಮ ಮೇಡಂ. ಆಫೀಸಿನೋರು" ಎಂದಳು ಅಮ್ಮ.

ನಾಚಿಕೆಯಾಯಿತು. ಇಲ್ಲಿ ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ, ನಾಚಿಕೆಯಾಯಿತು. ಅವಳಿಗೆ ಅವತ್ತು ಗೇಟಿನಲ್ಲಿ ಕೇಳಿಸಿದೆ. ಪ್ರತಿ ಅಕ್ಷರವೂ ಕೇಳಿಸಿದೆ.

ಮೇ 11, ಭಾನುವಾರ

ಅಮ್ಮನನ್ನು, ಊರಿನಲ್ಲಿ ನಾನು ಕರೆಯುವ ಹಾಗೆ ಅವ್ವನನ್ನು, ತಾರಿ ದೋಣಿಯಲ್ಲಿ ಹೊಳೆ ದಾಟಿಸಿದೆ. ಹತ್ತು ರೂಪಾಯಿ. ಆಚೆ ದಡದಲ್ಲಿ ಮಾಡಲು ಏನೂ ಇಲ್ಲ, ಒಂದು ಚಾ ಅಂಗಡಿ, ನಾಲ್ಕು ತೆಂಗಿನ ಮರ. ಚಾ ಕುಡಿದು ಅದೇ ದೋಣಿಯಲ್ಲಿ ವಾಪಸ್ ಬರುವುದೇ ಮಜಾ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರಿನ ಬಣ್ಣ ಬೇರೆಯಾಗುವುದನ್ನು ಅವ್ವ ಮೊದಲು ಕಂಡಳು. "ಅಲ್ನೋಡು, ಅಲ್ಲಿಗಂಟ ಸಿಹಿ, ಅಲ್ಲಿಂದ ಉಪ್ಪು" ಎಂದು ಬೆರಳು ತೋರಿಸಿದಳು.

ದೋಣಿಯಲ್ಲಿ ನಾವಿಬ್ಬರೇ ಇದ್ದೆವು, ನಡೆಸುವವನು ಹಿಂದೆ ಇದ್ದ. ಇಲ್ಲಿ ಹೇಳಬಹುದು ಎಂದುಕೊಂಡೆ. ತಪ್ಪಾಯಿತು ಎಂಬ ಒಂದೇ ಪದ. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

"ನಾಳೆ ಹೋಗ್ತೀನಿ ಕಣೆ. ಸೂಪರ್‌ವೈಜರ್ ಫೋನ್ ಮಾಡಿದ್ರು. ಅಂಗನವಾಡಿಗೆ ಸುಣ್ಣ ಹೊಡೆಸಾಕೆ ಐತಂತೆ."

ಯಾವ ಫೋನೂ ಬಂದಿಲ್ಲ. ಅವಳ ಫೋನು ಎರಡು ದಿನದಿಂದ ಚಾರ್ಜ್ ಇಲ್ಲದೆ ಕಿಟಕಿಯಲ್ಲಿ ಬಿದ್ದಿದೆ.

"ಹದಿನೈದು ದಿನ ಅಂದಿದ್ಯಲ್ಲ."

"ನೋಡಿದ್ನಲ್ಲ, ಸಾಕು. ಮತ್ತೆ, ಜುಲೈ ಆದ ಮ್ಯಾಲೂ ನಾನು ಬಿಳಿಚೋಡಾಗೇ ಇರ್ತೀನಿ. ನಂಗೆ ಅಲ್ಲೇ ಸರಿ. ಸಾವಂತ್ರಮ್ಮ ಅದಾಳೆ ಪಕ್ಕದ ಮನೇಲಿ, ಹೊತ್ತು ಹೋಗತೈತೆ. ನೀನು ಇಲ್ಲಿ ಚೆಂದಾಗಿರು."

ಬೇಡ, ಬಾ, ನನ್ನ ಜೊತೆ ಇರು ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ. ಹೇಳಿದರೆ ಯಾಕೆ ಹೋಗುತ್ತೀಯ ಎಂದು ಕೇಳಬೇಕಾಗುತ್ತದೆ, ಕೇಳಿದರೆ ಅವಳು ನಿಜ ಹೇಳಿಬಿಟ್ಟಾಳು ಎಂಬ ಹೆದರಿಕೆ. ದಡ ಬಂತು. ದೋಣಿಯವನಿಗೆ ಅವ್ವ "ಬರ್ತೀವ್ರಿ ಅಣ್ಣ" ಎಂದು ಕೈ ಮುಗಿದಳು.

ಮೇ 12, ಸೋಮವಾರ

ಬೆಳಿಗ್ಗೆ ಏಳರ ಬಸ್ಸಿಗೆ ಹತ್ತಿಸಿದೆ. ಅದೇ ಸಮವಸ್ತ್ರದ ಸೀರೆ ಉಟ್ಟು ಹೊರಟಳು, ಒಗೆದು ಮಡಿಸಿಟ್ಟಿದ್ದಳು. ಕಿಟಕಿಯಿಂದ, "ಶೇಂಗಾ ಡಬ್ಬಿಗೆ ಹಾಕೀನಿ, ಹುಳ ಬೀಳಂಗಿಲ್ಲ" ಎಂದಳು. ಅಕ್ಕಪಕ್ಕದಲ್ಲಿ ಜನ ಇದ್ದರು. ಮೇಡಂ ಅನ್ನಲಿಲ್ಲ, ದುರ್ಗೀ ಎಂದೂ ಅನ್ನಲಿಲ್ಲ. ಹೆಸರೇ ಹಿಡಿಯದೆ ಮಾತು ಮುಗಿಸಿದಳು.

ಮೇ 14, ಬುಧವಾರ

ಸಾಹೇಬರಿಗೆ ಹೊಸ ಪಟ್ಟಿ ಬಹಳ ಹಿಡಿಸಿತು. ಉಪ್ಪಿನ ಗದ್ದೆ, ತಾರಿಯಲ್ಲಿ ಹೋಗಿ ಚಾ ಕುಡಿದು ಬರುವುದು, ನೀರಿನ ಬಣ್ಣ ಬದಲಾಗುವ ಜಾಗ. ಓದಿ ಓದಿ ತಲೆದೂಗಿದರು. "ಇದೆಲ್ಲ ಯಾರು ತೋರಿಸಿದ್ರು ನಿಮಗೆ?"

"ನಾನೇ ಸುತ್ತಾಡಿದೆ ಸರ್" ಎಂದೆ.

ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ.

ಮೇ 15, ಗುರುವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಸಂಜೆ ನಾಗವೇಣಕ್ಕ ಹಲಸಿನ ಹಪ್ಪಳದ ಕಟ್ಟು ತಂದು ಕೊಟ್ಟರು. "ಆಯಿಗೆ ಅಂತ ಮಾಡಿಟ್ಟದ್ದು, ಅಷ್ಟು ಬೇಗ ಹೋಗೇಬಿಟ್ರಲ್ಲ. ನಮ್ಮ ಆಯಿದೂ ಹೆಚ್ಚುಕಡಿಮೆ ಇದೇ ಸ್ವಭಾವ ಇತ್ತು, ಒಂದು ಕಡೆ ಕೂರುವ ಜನ ಅಲ್ಲ" ಎಂದರು. ಕಣ್ಣು ಒರೆಸಿಕೊಂಡರು.

ನನಗೆ ವಿಚಿತ್ರವೆನಿಸಿತು. "ನಿಮ್ಮ ಮನೇಲೂ ಆಯಾ ಇದ್ರಾ?" ಎಂದು ಕೇಳಿದೆ.

"ಆಯಾ ಅಲ್ಲ ಮಾರಾಯ್ತಿ, ಆಯಿ! ನನ್ನ ಹೆತ್ತ ತಾಯಿ. ನಮ್ಮ ಬದಿಯಲ್ಲಿ ತಾಯಿಗೆ ಆಯಿ ಅಂತಲೇ ಹೇಳುದು. ಗೊತ್ತಿಲ್ವಾ ನಿಂಗೆ? ಅವತ್ತು ಗೇಟಿನ ಹತ್ರ ನಾ ಕೇಳಿದ್ದಕ್ಕೆ ಹೂಂ ಅಂದ್ಯಲ್ಲ? 'ಆಯಿಯಾ?' ಅಂತ ಕೇಳಿದೆ. ಮುಖ ನೋಡಿದ್ರೆ ಗೊತ್ತಾಗ್ತದೆ ಬಿಡು, ಹಣೆ, ಮೂಗು ಎಲ್ಲ ನಿಂದೇ."

ಹಪ್ಪಳದ ಕಟ್ಟು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಅವರು ಇನ್ನೂ ಹೇಳುತ್ತಿದ್ದರು, ಟೀಚರ್ ಆದರೂ ಎಷ್ಟು ಸರಳ, ಎಷ್ಟು ಕರೆದರೂ ಕುರ್ಚಿಯಲ್ಲಿ ಕೂರಲಿಲ್ಲ, ಮಗಳಿಗೆ ಮೇಡಂ ಎಂದು ಚೇಷ್ಟೆ ಮಾಡುತ್ತಿದ್ದರು ಎಂದೆಲ್ಲ.

ಮೊದಲು ಬಂದದ್ದು ಸಮಾಧಾನ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ಸಿಕ್ಕಿಬೀಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ ಎಂದು ಒಂದು ಗಳಿಗೆ ಹಗುರಾಗಿ ಉಸಿರು ಬಿಟ್ಟೆ. ಬಾಗಿಲು ಹಾಕಿಕೊಂಡು ಒಳಗೆ ಬಂದ ಮೇಲೆ ಉಳಿದದ್ದು ತಿಳಿಯಿತು. ನಾಗವೇಣಕ್ಕ ಕೇಳಿದ್ದು ತಾಯಿಯಾ ಎಂದು, ನನ್ನ ಬಾಯಿಂದ ಅವರಿಗೆ ಕೇಳಿಸಿದ್ದು ಹೌದು ತಾಯಿ ಎಂದು. ಅವತ್ತು ಜಗುಲಿಯಲ್ಲಿ 'ನಿಮ್ಮ ಆಯಾ' ಎಂದು ನನಗೆ ಕೇಳಿಸಿದ್ದೂ ಆಯಿಯೇ. ಈ ಬೀದಿಯಲ್ಲಿ ಅವ್ವನನ್ನು ಕೆಲಸದವಳು ಎಂದು ಯಾರೂ ತಿಳಿಯಲಿಲ್ಲ. ಬಿಳಿಚೋಡಿನ ಕಿವಿ ಇದ್ದವರು ಅಲ್ಲಿ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ತಲೆಯ ಮೇಲೆ ಚೀಲ ಹೊತ್ತು ನಿಂತಿದ್ದಳು. ಅವಳಿಗೆ ಕೇಳಿಸಿದ್ದು ಒಂದೇ, ಹೆತ್ತ ಮಗಳು ತನ್ನನ್ನು ಆಯಾ ಎಂದದ್ದು.

ಎಂಟು ದಿನ ಆ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಹೋದಳು.

ಮೇ 16, ಶುಕ್ರವಾರ

ಮೂರು ಸಲ ಫೋನ್ ಮಾಡಿದೆ. ಎತ್ತಿದಳು. ಊಟ ಆಯ್ತಾ ಎಂದಳು, ಆಯ್ತು ಎಂದೆ. ಮೂರು ಸಲವೂ ಅಷ್ಟೇ. ಫೋನಿನಲ್ಲಿ ಹೇಳುವ ಮಾತಲ್ಲ. ನಾಗವೇಣಕ್ಕನಿಗೂ ಹೇಳಲಿಲ್ಲ, ಅದಕ್ಕೆ ಬೇಕಾದಷ್ಟು ಧೈರ್ಯ ನನ್ನಲ್ಲಿ ಇನ್ನೂ ಹುಟ್ಟಿಲ್ಲ. ನಾಳೆ ಅರ್ಧ ದಿನ ರಜೆ ಬರೆದುಕೊಟ್ಟು ಹೊರಡುತ್ತೇನೆ.

ಮೇ 18, ಭಾನುವಾರ, ಬಿಳಿಚೋಡು

ರಾತ್ರಿ ದಾವಣಗೆರೆಯಲ್ಲಿ ಗೆಳತಿಯ ಮನೆಯಲ್ಲಿದ್ದು ಬೆಳಿಗ್ಗೆ ಜಗಳೂರು ಬಸ್ಸು ಹಿಡಿದು ಬಂದೆ. ಅವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಸುಣ್ಣ ಹೊಡೆಯುವ ಕೆಲಸ ಎಲ್ಲೂ ಇರಲಿಲ್ಲ. ನನ್ನನ್ನು ಕಂಡು ಗಾಬರಿಯಾದಳು.

"ಏನಾತು? ಆಫೀಸಿನಾಗೆ ಏನಾರ ಆತಾ?"

ಇಲ್ಲ ಎಂದು ಅವಳ ಎದುರಿಗೆ ಕೂತೆ. ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದೆ. "ಅವ್ವಾ, ನಾಗವೇಣಕ್ಕ ಅವತ್ತು ಕೇಳಿದ್ದು ಆಯಾ ಅಂತ ಅಲ್ಲ. ಆಯಿಯಾ ಅಂತ. ಅಲ್ಲಿ ಆಯಿ ಅಂದ್ರೆ ತಾಯಿ. ನಾನು ತಪ್ಪು ಕೇಳಿಸ್ಕಂಡೆ. ಆದ್ರೆ ಹೇಳಿದ್ದು ಮಾತ್ರ ಬೇಕಂತಲೇ ಹೇಳಿದೆ."

ಅವ್ವನ ಬೆರಳು ಬೇಳೆಯ ಮೇಲೆ ನಿಂತವು.

"ಆಯಿ ಅಂದ್ರೆ ಅವ್ವ ಅಂತಾನಾ?"

"ಹೂಂ."

"ಹಂಗಾರೆ ಆ ಯಮ್ಮ ನಂಗೆ ನಿನ್ನ ತಾಯಿ ಅಂತಾನೇ ಕುರ್ಚಿ ಹಾಕಿದ್ದು."

"ಹೂಂ."

"ಎಲ್ರೂ ಹಂಗೇ ತಿಳ್ಕಂಡಿದ್ರಾ? ನೀನು ಅಂದಿದ್ದು ಅಲ್ಲಿ ಯಾರಿಗೂ ತಿಳೀಲಿಲ್ವಾ?"

"ಯಾರಿಗೂ ತಿಳೀಲಿಲ್ಲ ಅವ್ವಾ."

ಬೈಯುತ್ತಾಳೆ ಎಂದು ಕಾದೆ. ಬೈದರೆ ಸಾಕು ಎನ್ನಿಸಿತ್ತು. ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡು ದೊಡ್ಡ ಉಸಿರು ಬಿಟ್ಟಳು. ಮುಖದ ಗಾಬರಿ ಇಳಿಯಿತು.

"ಸದ್ಯ! ನಿನ್ನ ಮರ್ಯಾದೆ ಉಳೀತಲ್ಲ ತಾಯಿ. ಹೆತ್ತವ್ವನ್ನ ಹಿಂಗಂದ್ಲು ಅಂತ ಅವರಿಗೆ ಗೊತ್ತಾದ ದಿನ ಅಲ್ಲಿ ಹೆಂಗೆ ತಲೆ ಎತ್ಕಂಡು ತಿರುಗ್ತೀಯೋ ಅಂತ ನಂಗೆ ಹದಿನೈದು ದಿನದಿಂದ ಅದೇ ಚಿಂತೆ ಆಗಿತ್ತು. ನಂಗೊಬ್ಬಳಿಗೆ ತಾನೆ ತಿಳ್ದಿದ್ದು, ಬಿಡತ್ಲಾಗೆ."

ಹೇಳಿ, ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಬಸ್ಸಿನಲ್ಲಿ ಏನಾದರೂ ತಿಂದೆಯಾ ಎಂದು ಕೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.